ಫೋಲ್ಡರಿನಲ್ಲಿದ್ದ ಮಾವನವರ ರುಮಾಲು

ಸ್ವಚ್ಛ ಮಾಡುವ ಹುಮ್ಮಸ್ಸು ಬಂದಾಗ ನನ್ನನ್ನು ಯಾರಾದರೂ ತಡೆಯಬೇಕು. ಹಳೆಯ ಪೇಪರಿನ ಜೊತೆ ರೇಷನ್ ಕಾರ್ಡನ್ನೂ ರದ್ದಿಯವನಿಗೆ ಹಾಕಿ, ಅವನ ಗಾಡಿಯ ಹಿಂದೆ ಎರಡು ಓಣಿ ಓಡಿದವಳು ನಾನು. ಅಂಥವಳ ಕೈಗೆ ಕಂಪ್ಯೂಟರು ಸಿಕ್ಕಿತು.

ರಾಣೆಬೆನ್ನೂರಿನ ನಮ್ಮ ಮನೆಗೆ ಅದು ಬಂದದ್ದು ನನ್ನ ಶಾಲೆಯ ಪ್ರಶ್ನೆಪತ್ರಿಕೆ ಟೈಪು ಮಾಡಲೆಂದು. ನಾನು ಮಾತ್ರ ಅದರಲ್ಲಿ ಸಂಸಾರದ ಆಟ ಆಡುತ್ತಿದ್ದೆ. ಮನೆ ಕಟ್ಟಿ, ಮಂದಿಯನ್ನು ಮಾಡಿ ಒಳಗೆ ಬಿಟ್ಟರಾಯಿತು. ಅವರೇ ಉಣ್ಣುತ್ತಾರೆ, ಮಲಗುತ್ತಾರೆ, ಜಗಳಾಡುತ್ತಾರೆ. ಅವರಲ್ಲಿ ಒಬ್ಬಳು ನಾನೇ. ಆಟದ ಜೊತೆ ಬಂದ ಬಟ್ಟೆಗಳೆಲ್ಲ ಪ್ಯಾಂಟು, ಫ್ರಾಕು. ಸೀರೆ, ಧೋತರ, ರುಮಾಲು, ಜಡೆಗಳನ್ನು ಯಾವುದೋ ದೇಶದ ಪುಣ್ಯವಂತರು ತಾವೇ ತಯಾರಿಸಿ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಿಂದ ಅವನ್ನು ಪೆನ್‌ಡ್ರೈವಿನಲ್ಲಿ ಹೊತ್ತು ತರುತ್ತಿದ್ದೆ.

ಒಂದು ದಿನ ಅತ್ತೆ ಹಿಂದೆ ಬಂದು ನಿಂತು, "ನನ್ನೂ ಮಾಡಾಕ ಬರ್ತೈತೇನು ಅದರಾಗ?" ಎಂದರು. ಮಾಡಿದೆ. ಗೋಡೆಯ ಮೇಲಿನ ಫೋಟೋ ಕಡೆ ಕೈ ಮಾಡಿ, "ಅವರನ್ನ?" ಎಂದರು. ಮಾವನವರು ತೀರಿಕೊಂಡು ಮೂರು ವರ್ಷವಾಗಿತ್ತು. ಧೋತರ ಉಡಿಸಿ, ರುಮಾಲು ಸುತ್ತಿ ಅವರನ್ನೂ ಅಂಗಳದಲ್ಲಿ ನಿಲ್ಲಿಸಿದೆ. ಅಂದಿನಿಂದ ಅತ್ತೆ ದಿನಾ ಸಂಜೆ ಸ್ಟೂಲು ಎಳೆದುಕೊಂಡು ಕೂತು, "ಉಂಡಾರೇನು ನೋಡು ಮೊದಲ" ಎನ್ನುತ್ತಿದ್ದರು.

ತಂದು ತುಂಬಿದ್ದು ಹೆಚ್ಚಾಗಿ, ಆಟ ತೆರೆಯಲು ಇಪ್ಪತ್ತು ನಿಮಿಷ ಹಿಡಿಯತೊಡಗಿತು. ಒಂದು ಶನಿವಾರ ಫೋಲ್ಡರು ತೆಗೆದು ನೋಡಿದರೆ ಒಂದೊಂದು ಬಟ್ಟೆಗೂ ಎರಡೆರಡು ಫೈಲು. ಒಂದೇ ಫೈಲು ಎರಡು ಸಲ ಬಂದಿರಬೇಕೆಂದು ಒಂದೊಂದನ್ನು ಅಳಿಸಿದೆ. ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ. ಒಂದು ಬಣ್ಣದ್ದು, ಇನ್ನೊಂದು ಆಕಾರದ್ದು, ಎರಡೂ ಇದ್ದರೇ ಬಟ್ಟೆ ಎಂಬುದು ತಿಳಿದದ್ದು ರವಿವಾರ ಬೆಳಿಗ್ಗೆ ಆಟ ತೆರೆದಾಗ. ಅತ್ತೆಯ ಮುಖ ಮಾತ್ರ ಗಾಳಿಯಲ್ಲಿ ತೇಲುತ್ತ ಅಡುಗೆಮನೆಗೆ ಹೋಯಿತು. ಹಿಂದೆಯೇ ಮಾವನವರ ಮೀಸೆ ಹೊರಟಿತ್ತು. ಕೆಳಗೆ ಏನೂ ಇರಲಿಲ್ಲ.

ಅಂದೇ ಹನ್ನೊಂದರ ಬಸ್ಸಿಗೆ ಅತ್ತೆಯ ತಂಗಿ ಗಂಗಮ್ಮ ಕುಪ್ಪೇಲೂರಿನಿಂದ ಬರುವವರಿದ್ದರು, ಅದೂ ಪರದೆಯ ಮೇಲಿನ ಭಾವನನ್ನು ನೋಡಲೆಂದೇ. ದಿನಾ ಹನ್ನೆರಡಕ್ಕೆ ಕರೆಂಟು ಹೋಗುತ್ತಿತ್ತು. ಹಿಂದಿನ ತಿಂಗಳು ಎಲ್ಲವನ್ನೂ ಒಂದು ಸಿಡಿಗೆ ಹಾಕಿಟ್ಟದ್ದು ನೆನಪಾಯಿತು. ಡ್ರಾಯರಿನಲ್ಲಿ ಸಿಡಿ ಇಲ್ಲ.

"ಅತ್ತಿ, ಇಲ್ಲೊಂದು ಸಿಡಿ ಇತ್ತಲ್ರಿ, ನೋಡೀರೇನು?"

"ಆ ಮಿಣಿಮಿಣಿ ಮಿಂಚೋದೇನು? ಮೆಣಸಿನಕಾಯಿಗೆ ಗುಬ್ಬಿ ಬರ್ತಾವಂತ ಮಾಳಗಿ ಮ್ಯಾಲ ಕಟ್ಟೇನಿ."

ಮಾಳಿಗೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ ಹರವಿತ್ತು. ಅದರ ಮೇಲೆ ದಾರದಲ್ಲಿ ಮಾವನವರು ಬಿಸಿಲಿಗೆ ಗರಗರ ತಿರುಗುತ್ತಿದ್ದರು. ಬಿಚ್ಚಿ ತಂದು, ಸೆರಗಿನಿಂದ ಒರೆಸಿ, ಸೀನುತ್ತಲೇ ಡ್ರೈವಿಗೆ ಹಾಕಿದೆ. ಗೀರುಗಳಿಗೆ ಲೆಕ್ಕವಿರಲಿಲ್ಲ. ಅರ್ಧ ಕಾಪಿಯಾಗಿ ನಿಂತಿತು. ತೆಗೆದೆ, ಒರೆಸಿದೆ, ಮತ್ತೆ ಹಾಕಿದೆ. ಅತ್ತೆಗೆ ಏನು ಹೇಳಲಿ? ಒಮ್ಮೆ ಕಳೆದುಕೊಂಡವರನ್ನು ನಾನೇ ಕೊಟ್ಟು, ನಾನೇ ಕಸವೆಂದು ಎಸೆದೆನೆಂದು ಹೇಳುವುದೆ? ಮೂರನೆಯ ಸಲ ಕಾಪಿ ಪೂರ್ತಿಯಾಗುವ ಹೊತ್ತಿಗೆ ಬಾಗಿಲಲ್ಲಿ ಗಂಗಮ್ಮನ ದನಿ ಕೇಳಿತು. ಆಟ ತೆರೆಯುವವರೆಗೆ ಅವರಿಗೆ ಎರಡು ಸಲ ಚಹಾ, ಒಂದು ಸಲ ಅವಲಕ್ಕಿ ಕೊಟ್ಟೆ.

ಹನ್ನೊಂದೂ ಮುಕ್ಕಾಲಿಗೆ ಪರದೆ ಬೆಳಗಿತು. ಮಾವನವರು ಧೋತರ, ರುಮಾಲು ಸಮೇತ ಅಂಗಳದಲ್ಲಿ ನಿಂತಿದ್ದರು.

"ನಮ್ಮ ಭಾವಾನ ಖರೇ," ಎಂದು ಗಂಗಮ್ಮ ಕಣ್ಣೊರೆಸಿಕೊಂಡರು. ಅತ್ತೆ ಬೆರಳು ಚಾಚಿ ಪರದೆಯ ಮೇಲಿನ ರುಮಾಲನ್ನು ಮೆಲ್ಲಗೆ ಮುಟ್ಟಿದರು.

ಆಗ ಗಂಗಮ್ಮ ಕೇಳಿದರು, "ಒಲಿ ಮುಂದ ಬೋಳು ತಲಿ ನಿಂತೈತಲ್ಲ, ಯಾರವ್ವಾ ಅದು?"

ಬಗ್ಗಿ ನೋಡಿದೆ. ಅದು ನಾನು. ಕಳೆದ ವಾರವಷ್ಟೇ ಹುಡುಕಿ ತಂದಿದ್ದ, ಮೊಣಕಾಲುದ್ದದ ನನ್ನ ಜಡೆ ಹಿಂದಿನ ತಿಂಗಳ ಸಿಡಿಯಲ್ಲಿ ಎಲ್ಲಿಂದ ಬರಬೇಕು?

"ಅಡಗಿಯಂವ ಇರಬೇಕು ಬಿಡು," ಎಂದರು ಅತ್ತೆ.

"ಹೌದ್ರಿ," ಎಂದೆ, "ಹೊಸದಾಗಿ ಬಂದಾನ."