ಬೆನ್ನಿನ ಪಂಚಾಯ್ತಿ

ಕ್ರಾಂತಿಕುಮಾರನ ಬೆನ್ನಿಗೆ ನಿಜಕ್ಕೂ ಏನೂ ಆಗಿರಲಿಲ್ಲ. ಬೆನ್ನು ಹತ್ತಿದ್ದು ಗಣತಿ ಡ್ಯೂಟಿ. ಹರಪನಹಳ್ಳಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಹಲವಾಗಲು ಎಂಬ ಹಳ್ಳಿಯ ಮನೆಮನೆ ಗಣತಿ ಬಿದ್ದಿತ್ತು. ಹೋದ ಸಲದ ಗಣತಿಯಲ್ಲಿ ನಾಯಿ ಕಚ್ಚಿದ್ದು ಸಾಲದೆಂದು, ವಯಸ್ಸು ಕೇಳಿದ ತಪ್ಪಿಗೆ ಒಬ್ಬ ಅಜ್ಜಿ ಕಸಬರಿಗೆ ಹಿಡಿದು ಊರ ಅಗಸೆ ಬಾಗಿಲವರೆಗೂ ಅಟ್ಟಿಸಿಕೊಂಡು ಬಂದಿದ್ದಳು. ಈ ಸಲ ಏನಾದರೂ ಆಗಲಿ, ತಪ್ಪಿಸಿಕೊಳ್ಳಲೇಬೇಕು. ಆದರೆ ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಸಾಹೇಬರು ಜಪ್ಪಯ್ಯ ಅಂದರೂ ಒಪ್ಪುವವರಲ್ಲ.

"ಬೆನ್ನು ನೋವು ಅನ್ನು ಲೇ," ಎಂದು ಪಕ್ಕದ ಮೇಜಿನ ಉಜ್ಜಿನಪ್ಪ ಉಪಾಯ ಹೇಳಿದ. "ಜ್ವರ ಅಂದ್ರ ಮುಟ್ಟಿ ನೋಡ್ತಾರ. ಬೆನ್ನು ನೋವು ಯಾರ ಕಣ್ಣಿಗೆ ಕಾಣ್ತೈತಿ? ನಡಿ, ನಾನೂ ಬರ್ತೀನಿ."

ಬೇಡವೆಂದರೂ ಬರುವವನು ಉಜ್ಜಿನಪ್ಪ. ಅವನ ಪರೋಪಕಾರಕ್ಕೆ ಇಡೀ ಕಚೇರಿ ಹೆದರುತ್ತಿತ್ತು.

ಊರ ಹೊರಗಿನ ಹೊಸ ಆಸ್ಪತ್ರೆಯಲ್ಲಿ ಬೆನ್ನು ನೋಡಲು ಒಬ್ಬರಲ್ಲ, ಐದು ಮಂದಿ ಇದ್ದರು. ಎಲುಬಿನ ಡಾಕ್ಟರ್ ಮರುಳಪ್ಪ, ನರದ ಡಾಕ್ಟರ್, ವ್ಯಾಯಾಮ ಮಾಡಿಸುವ ಅಸ್ಫಿಯಾ, ಮನಸ್ಸಿನ ಮಾತು ಕೇಳುವ ಮಾಲಾ, ನರ್ಸ್ ಅಂಜಿನಕ್ಕ. ಒಬ್ಬೊಬ್ಬರಿಗೂ ಒಂದೊಂದು ಕೋಣೆ. ಕ್ರಾಂತಿಕುಮಾರನಿಗೆ ಹಾಲು ಕುಡಿದಷ್ಟು ಖುಷಿಯಾಯಿತು. ಅವನ ಕಚೇರಿಯಲ್ಲಿ ಒಂದು ಮೇಜಿನ ಸಂಗತಿ ಇನ್ನೊಂದು ಮೇಜಿಗೆ ಗೊತ್ತಾದ ಚರಿತ್ರೆಯೇ ಇರಲಿಲ್ಲ. ಇಲ್ಲೂ ಹಾಗೇ ಎಂದುಕೊಂಡ ಪುಣ್ಯಾತ್ಮ. ಐದು ಕೋಣೆಯಲ್ಲಿ ಐದು ನೋವು ಹೇಳಿದರೆ ಯಾರಾದರೊಬ್ಬರು ನಂಬುತ್ತಾರೆ, ಒಂದು ಸರ್ಟಿಫಿಕೇಟ್ ಸಿಕ್ಕರೆ ಸಾಕು.

ಎಲುಬಿನ ಡಾಕ್ಟರ ಮುಂದೆ ಎಡಗಾಲು ಸೆಳೆಯುತ್ತದೆ ಎಂದ. ನರದ ಡಾಕ್ಟರ ಮುಂದೆ ಬಲಗಾಲು ಜೋಮು ಎಂದ. ಅಸ್ಫಿಯಾಗೆ, "ಮೆಟ್ಲು ಹತ್ತಾಕ ಕಾಲಾಗ ಶಕ್ತೀನ ಇಲ್ರಿ ಮೇಡಂ," ಎಂದ. ಮಾಲಾ ಎದುರು ನಿದ್ದೆಯೇ ಬರುವುದಿಲ್ಲ ಎಂದು ಕಣ್ಣೊರೆಸಿಕೊಂಡ. ಕೊನೆಗೆ ಅಂಜಿನಕ್ಕ, "ಒಂದಕ್ಕ ಸರಿಯಾಗಿ ಹೋಗ್ತೀರೇನ್ರಿ ಅಣ್ಣಾರ?" ಎಂದು ಕೇಳಿದಳು. ಅಷ್ಟೊತ್ತಿಗೆ ಅವನಿಗೆ ಸುಳ್ಳಿನ ಹುಮ್ಮಸ್ಸು ನೆತ್ತಿಗೇರಿತ್ತು.

"ಹೋಗಿದ್ದ ಗೊತ್ತಾಗಂಗಿಲ್ಲಕ್ಕ," ಎಂದುಬಿಟ್ಟ.

ಅಂಜಿನಕ್ಕನ ಮುಖ ಬಿಳಿಚಿಕೊಂಡಿತು. ದಡಬಡನೆ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಕರೆ ಬಂತು. ದೊಡ್ಡ ಕೋಣೆಗೆ ಹೋಗಿ ನೋಡುತ್ತಾನೆ, ಐದೂ ಮಂದಿ ಒಂದೇ ಮೇಜಿನ ಸುತ್ತ ಕೂತಿದ್ದಾರೆ. ಒಟ್ಟಿಗೆ ಕೂತು ಮಾತಾಡುತ್ತಾರೆಯೇ ಇವರು? ಹೀಗೂ ಉಂಟೇ?

"ನಮ್ಮಲ್ಲಿ ಯಾವ ಬೆನ್ನನ್ನೂ ಒಬ್ರ ನೋಡಿ ಬಿಡಂಗಿಲ್ಲ," ಎಂದರು ಮರುಳಪ್ಪ. "ಐದೂ ಮಂದಿ ಕೂಡಿ ತೀರ್ಮಾನ ಮಾಡ್ತೀವಿ."

ಸಿಕ್ಕಿಬಿದ್ದೆ ಎಂದುಕೊಂಡ ಕ್ರಾಂತಿಕುಮಾರ. ಆದದ್ದು ಅದಕ್ಕಿಂತ ಘೋರ. ಅವನ ಐದು ಸುಳ್ಳುಗಳು ಒಂದಕ್ಕೊಂದು ಜಗಳವಾಡಲೇ ಇಲ್ಲ. ಒಂದರ ಪಕ್ಕ ಒಂದು ಕೂತು, ಒಗ್ಗಟ್ಟಾಗಿ ಒಂದು ಭಾರಿ ರೋಗವೇ ಆಗಿಬಿಟ್ಟವು.

"ಎರಡೂ ಕಾಲು ಸೋತಾವ, ಒಂದಕ್ಕ ಹಿಡಿತಾನೂ ಇಲ್ಲ," ಎಂದರು ಮರುಳಪ್ಪ. "ಬೆನ್ನಾಗಿನ ನರದ ಗೊಂಚಲ ಒತ್ತಿ ಹಿಡದಂಗ ಕಾಣ್ತೈತಿ. ಈಗಿಂದೀಗ ಸ್ಕ್ಯಾನ್, ಅದಾದ ಕೂಡ್ಲೇ ಆಪರೇಷನ್. ತಡ ಆದ್ರ ಕಾಲು ಬರಂಗಿಲ್ಲ."

ಕ್ರಾಂತಿಕುಮಾರ ಎರಡೂ ಕೈ ಜೋಡಿಸಿದ. "ಸಾರ್, ನನಗೇನೂ ಆಗಿಲ್ರಿ. ಹೇಳಿದ್ದೆಲ್ಲಾ ಸುಳ್ಳು."

"ಹೆದರಿಕಿ ಆದಾಗ ಎಲ್ಲಾರೂ ಹಿಂಗ ಅಂತಾರ," ಎಂದಳು ಮಾಲಾ, ಮರುಕದಿಂದ. "ನಿದ್ದಿ ಬ್ಯಾರೆ ಇಲ್ಲ, ಪಾಪ." ನರದ ಡಾಕ್ಟರು ಹೌದೆಂದು ತಲೆಯಾಡಿಸಿದರು. ಅಸ್ಫಿಯಾ ಕಾಲು ಹಿಡಿದಳು, ಅಂಜಿನಕ್ಕ ರಟ್ಟೆ ಹಿಡಿದಳು, ಅವನನ್ನು ಸ್ಟ್ರೆಚರಿನ ಮೇಲೆ ಮಲಗಿಸಿಯೇಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಉಜ್ಜಿನಪ್ಪ ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಗಾಬರಿಯಿಂದ ಜೇಬಿನ ಫೋನ್ ತೆಗೆದ.

ಇನ್ನು ಬಾಯಿಮಾತಿಗೆ ಬೆಲೆಯಿಲ್ಲವೆಂದು ಕ್ರಾಂತಿಕುಮಾರನಿಗೆ ಗೊತ್ತಾಯಿತು. ಸ್ಟ್ರೆಚರಿನಿಂದ ಚಂಗನೆ ನೆಗೆದು ಬಸ್ಕಿ ಹೊಡೆಯತೊಡಗಿದ. ಬಾಗಿ ಕಾಲ್ಬೆರಳು ಮುಟ್ಟಿದ, ಒಂಟಿಗಾಲಲ್ಲಿ ಕುಣಿದ, ಕುರ್ಚಿ ಎತ್ತಿ ತಲೆಯ ಮೇಲೆ ಹಿಡಿದ. "ನೋಡ್ರಿ, ಗಣತಿ ತಪ್ಪಿಸ್ಕೊಳ್ಳಾಕ ನಾಟಕ ಮಾಡೀನಿ. ತಪ್ಪಾತು, ಕೊಯ್ಯಬ್ಯಾಡ್ರಿ," ಎಂದು ಏದುಸಿರು ಬಿಟ್ಟ.

ಐವರೂ ದಂಗಾಗಿ ಒಬ್ಬರ ಮುಖ ಒಬ್ಬರು ನೋಡಿದರು. "ಇದು ಗಟ್ಟಿ ಬೆನ್ನು," ಎಂದರು ಮರುಳಪ್ಪ. ಕ್ರಾಂತಿಕುಮಾರನಿಗೆ ಹೋದ ಜೀವ ಬಂದಂತಾಯಿತು. ಉಸಿರು ಬಿಟ್ಟು ಬಾಗಿಲ ಕಡೆ ತಿರುಗಿದ.

ಉಜ್ಜಿನಪ್ಪ ಫೋನನ್ನು ಎತ್ತಿ ಹಿಡಿದುಕೊಂಡು ಕಲ್ಲಾಗಿ ನಿಂತಿದ್ದ. "ನಿನ್ನ ಅವಸ್ಥಿ ಸಾಹೇಬ್ರು ಕಣ್ಣಾರೆ ನೋಡ್ಲಿ ಅಂತ ವಿಡಿಯೋ ಕಾಲ್ ಹಚ್ಚಿದ್ನಲೇ," ಎಂದ, ಸಣ್ಣ ದನಿಯಲ್ಲಿ.

ಫೋನಿನಲ್ಲಿ ಇಡೀ ಕಚೇರಿ ಕಾಣುತ್ತಿತ್ತು. ಎಲ್ಲರಿಗಿಂತ ಮುಂದೆ ಸಾಹೇಬರು.

"ಎಲ್ಲಾ ನೋಡಿದ್ವಿ ಕ್ರಾಂತಿಕುಮಾರ್," ಎಂದರು. "ಪಾಪ ಅಂತ ನಿಮ್ಮ ಡ್ಯೂಟಿ ರದ್ದು ಮಾಡಿ ಈಗ ಸಹಿ ಹಾಕಿದ್ದೆ. ಹರದು ಒಗದೀನಿ. ಹಲವಾಗಲು ಮುಗಿಸಿ ನೀಲಗುಂದಾನೂ ನೀವ ಮಾಡ್ರಿ."

"ಸಾಹೇಬ್ರ..." ಎನ್ನುತ್ತ ಕ್ರಾಂತಿಕುಮಾರ ಫೋನಿಗೇ ನಡು ಬಗ್ಗಿಸಿ ಕೈಮುಗಿಯಹೋದ. ಸೊಂಟದಲ್ಲಿ ಕಟಕ್ ಎಂದಿತು. ಬಾಗಿದವನು ಬಾಗಿದಂತೆಯೇ ಉಳಿದ. ಕಣ್ಣಲ್ಲಿ ನೀರು ಬಂತು.

"ಅಂಜಿನಕ್ಕ, ಈಗ ಖರೇನ ಬೆನ್ನು ಹಿಡಕಂಡೈತಿ," ಎಂದು ನೆಲ ನೋಡುತ್ತಲೇ ನರಳಿದ.

ಅಂಜಿನಕ್ಕ ಉಳಿದ ನಾಲ್ವರ ಮುಖ ನೋಡಿದಳು. ಈ ಸಲ ಅವರಿಗೆ ಕೂತು ಮಾತಾಡುವ ಅಗತ್ಯವೂ ಬೀಳಲಿಲ್ಲ. ಐವರೂ ಒಂದೇ ದನಿಯಲ್ಲಿ, "ಮುಂದಿನವ್ರನ್ನ ಕಳಸ್ರಿ," ಎಂದರು.