ಪರದೆ ಹಾಕಿದ ಕಾರಿನಲ್ಲಿ ಇಲ್ಲದ ದೋಷದ ಕುರಿತು

ಮುಖ್ಯಾಧಿಕಾರಿಗಳ ಕಚೇರಿ, ಲಿಂಗಸುಗೂರು
(ಇಲಾಖೆಯ ಹೆಸರಿನ ಫಲಕ ಬಣ್ಣ ಹಚ್ಚಲು ಹೋಗಿದ್ದು, ಇನ್ನೂ ಬಂದಿರುವುದಿಲ್ಲ)

ಸಂಖ್ಯೆ: ವಾಹನ/ನಿಂತಿದೆ-ಹೊರಟಿದೆ/17/1988-89
ದಿನಾಂಕ: 21-2-1989

ಸುತ್ತೋಲೆ

ವಿಷಯ: ಕಚೇರಿಯ ಬಿಳಿ ಕಾರು (1971ರ ಮಾದರಿ) ಆಗಾಗ ಕರೆಂಟು ಕಳೆದುಕೊಂಡು ನಡುರಸ್ತೆಯಲ್ಲಿ ನಿಲ್ಲುತ್ತದೆ ಎಂಬ ಆಪಾದನೆಯ ಬಗ್ಗೆ.

ಉಲ್ಲೇಖ:
1) ಕಾರು ನಿಂತಿದೆ ಎಂದು ಚಾಲಕ ಶ್ರೀ ಅಂಬಪ್ಪ ಇವರ ವರದಿ.
2) ಕಾರು ಹೊರಟಿದೆ ಎಂದು ಅದೇ ದಿನ, ಐದು ನಿಮಿಷದ ನಂತರ, ಅವರದೇ ವರದಿ.
3) ಇವೆರಡರಲ್ಲಿ ಯಾವುದು ಸುಳ್ಳು ಎಂದು ಕೇಳಿ ಈ ಕಚೇರಿ ನೀಡಿದ ನೋಟೀಸು.

ಮೇಲ್ಕಂಡ ಕಾರು ಲಿಂಗಸುಗೂರು, ಮಸ್ಕಿ, ಸಿಂಧನೂರು ಮಾರ್ಗದಲ್ಲಿ ಸಂಚರಿಸುತ್ತಿದ್ದು, ಕಳೆದ ಎರಡು ತಿಂಗಳಲ್ಲಿ ಹನ್ನೊಂದು ಸಲ ನಿಂತಿರುತ್ತದೆ. ಹನ್ನೊಂದು ಸಲವೂ ಮಸ್ಕಿಯಲ್ಲಿ ಊಟ ಮುಗಿಸಿ ಹೊರಟ ಮೇಲೆ, ಬಳಗಾನೂರಿಗೆ ತಿರುಗುವ ದಾರಿಯ ತಗ್ಗಿನಲ್ಲಿ, ಶ್ರೀಮತಿ ದಾವಲ್‌ಬೀ ಇವರ ಚಹಾ ಅಂಗಡಿಯ ಎದುರಿಗೇ ನಿಂತಿರುತ್ತದೆ. ಹನ್ನೊಂದು ಸಲವೂ ತಾನಾಗಿ ಹೊರಟಿರುತ್ತದೆ. ಚಹಾದ ಆಸೆಗೆ ಚಾಲಕನೇ ಕಾರನ್ನು ನಿಲ್ಲಿಸುತ್ತಿದ್ದಾನೆಂದು ಭಾವಿಸಲು ಇಷ್ಟು ಸಾಕು. ಆದರೂ ಈ ಕಚೇರಿ ಯಾರಿಗೂ ಅನ್ಯಾಯ ಮಾಡುವುದಿಲ್ಲವಾದ್ದರಿಂದ ಮೂವರು ಸದಸ್ಯರ ತನಿಖಾ ಸಮಿತಿಯನ್ನು ರಚಿಸಲಾಯಿತು.

ಸಮಿತಿಯು ಸದರಿ ಮಾರ್ಗದಲ್ಲಿ ಕಾರನ್ನು ಐದು ಸಲ ಓಡಿಸಿ ಪರೀಕ್ಷಿಸಿತು. ಮುಖ್ಯಾಧಿಕಾರಿಗಳು ಕಾರಿನಲ್ಲಿ ಇರಲಿಲ್ಲವಾದ್ದರಿಂದ ಹಿಂಬದಿಯ ಪರದೆಗಳನ್ನು ಪದ್ಧತಿಯಂತೆ ಸರಿಸಿ ಕಟ್ಟಿಡಲಾಗಿತ್ತು. ಕಾರು ಐದು ಸಲವೂ ಎಲ್ಲಿಯೂ ನಿಲ್ಲಲಿಲ್ಲ. ಆದ್ದರಿಂದ ಕಾರಿನಲ್ಲಿ ದೋಷವಿಲ್ಲವೆಂದೂ, ದೋಷವಿರುವುದು ಚಾಲಕನಲ್ಲೆಂದೂ ತೀರ್ಮಾನಿಸಿ, ಬರುವ ತಿಂಗಳು ನಿವೃತ್ತಿಯಾಗಬೇಕಿದ್ದ ಶ್ರೀ ಅಂಬಪ್ಪ ಇವರನ್ನು ಸುಳ್ಳು ವರದಿಗಾಗಿ ಅಮಾನತಿನಲ್ಲಿ ಇಡಲಾಗಿದೆ.

ವಿಚಾರಣೆಯಲ್ಲಿ ಬಂದ ಹೇಳಿಕೆಗಳನ್ನು, ನಿಯಮವಿರುವುದರಿಂದ ಮಾತ್ರ, ಆಡಿದಂತೆಯೇ ದಾಖಲಿಸಲಾಗಿದೆ.

ಶ್ರೀ ಅಂಬಪ್ಪ: "ಇಪ್ಪತ್ತೆಂಟು ವರ್ಷ ಸ್ಟೇರಿಂಗ್ ಹಿಡದೀನ್ರೀ. ಗಾಡಿ ನಿಂತಿದ್ದೂ ಖರೇ, ಹೊಂಟಿದ್ದೂ ಖರೇ. ಮನೀಗೆ ಕಳಸ್ರಿ ಬೇಕಾದ್ರ, ಸುಳ್ಳ ಅಂತ ಮಾತ್ರ ಬರೀಬ್ಯಾಡ್ರಿ."

ಶ್ರೀಮತಿ ದಾವಲ್‌ಬೀ: "ದಿನಾ ನೋಡಾಕತ್ತೀನ್ರೀ. ಸಾಹೇಬ್ರು ಪರದಾ ಹಾಕ್ಕೊಂಡು ಬಂದ್ರ ಗಾಡಿ ನಿಂದರತೈತಿ. ಎದ್ದು ಪರದಾ ತೆಗದು ಹೊರಗ ಇಣುಕಿದ್ರಂದ್ರ ಹೊಂಡತೈತಿ. ನಾ ಚಾ ಮಾಡಾಕಿ, ನನಗೇನು ಗೊತ್ತರೀ."

ಕೊನೆಯ ವಾಕ್ಯವನ್ನು ಸಮಿತಿ ಒಪ್ಪಿದೆ. ಉಳಿದದ್ದನ್ನು ತಳ್ಳಿಹಾಕಿದೆ.

ಸಿಂಧನೂರಿನ ಮೆಕ್ಯಾನಿಕ್ ಶ್ರೀ ಬುಡ್ಡೇಸಾಬ್: "ಗಾಡಿಗೇನೂ ಬೀಮಾರಿ ಇಲ್ರೀ. ಪರದಾಕ್ಕ ಹೊಡದ ಮೊಳಿ ಹೋಗಿ ಮ್ಯಾಲಿನ ಲೈಟಿನ ವೈರಿಗೆ ಚುಚ್ಚೈತಿ. ಪರದಾ ಎಳದಿದ್ದಾಗ ಗಾಡಿ ತಗ್ಗಿನ್ಯಾಗ ಕುಣಿದ್ರ ಅದರ ಸ್ಪ್ರಿಂಗ್ ತಂತಿ ಮೊಳೀಗೆ ತಾಕಿ ಶಾರ್ಟ್ ಆಗಿ ಗಾಡಿ ಬಂದ್ ಆಗತೈತಿ. ಒಂದು ಮೊಳಿ ಕಿತ್ತಿದ್ರ ಖಲಾಸ್."

ಮೊಳೆಯು ಪರದೆಯ ಅಂಗ. ಪರದೆಯು ಹುದ್ದೆಯ ಅಂಗ. ಮುಖ್ಯಾಧಿಕಾರಿಗಳು ಊಟವಾದ ಮೇಲೆ ಕಣ್ಣು ಮುಚ್ಚಿ ಕಡತಗಳ ಬಗ್ಗೆ ಆಲೋಚಿಸುವುದು ಆ ಪರದೆಯ ಒಳಗೆ. ಹೀಗಿರುವಾಗ ಮೊಳೆ ಕೀಳುವುದೆಂದರೆ ಹುದ್ದೆಗೇ ಕೈ ಹಾಕಿದಂತೆ. ಸದರಿ ಬುಡ್ಡೇಸಾಬರಿಗೆ ಎಚ್ಚರಿಕೆ ಕೊಡಲಾಗಿದೆ.

ಇನ್ನು ಮುಂದೆ ಇಂತಹ ಗೊಂದಲಕ್ಕೆ ಆಸ್ಪದವಾಗದಂತೆ ಸಮಸ್ತ ಸಿಬ್ಬಂದಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಕಾರಿನ ಯಾವುದೇ ದೋಷವು ಕಚೇರಿ ವೇಳೆಯಲ್ಲಿಯೇ ಕಾಣಿಸಿಕೊಳ್ಳತಕ್ಕದ್ದು. ಕಾಣಿಸಿಕೊಳ್ಳುವ ಮೂರು ದಿನ ಮುಂಚಿತವಾಗಿ ಚಾಲಕನು ನಿಗದಿತ ನಮೂನೆಯಲ್ಲಿ ತಿಳಿಸತಕ್ಕದ್ದು.

2. ದೋಷವು ಕನಿಷ್ಠ ಇಪ್ಪತ್ತು ನಿಮಿಷ ಸ್ಥಳದಲ್ಲಿ ಹಾಜರಿರತಕ್ಕದ್ದು. ಅದಕ್ಕೂ ಮೊದಲೇ ಹೊರಟುಹೋದ ದೋಷವನ್ನು ಅನುಮತಿಯಿಲ್ಲದೆ ಗೈರುಹಾಜರಾದ ದೋಷವೆಂದು ಪರಿಗಣಿಸಲಾಗುವುದು. ಆದರೆ ದೋಷ ಬಂದದ್ದನ್ನೂ ಹೋದದ್ದನ್ನೂ ಗೆಜೆಟೆಡ್ ಅಧಿಕಾರಿಯೊಬ್ಬರು ಎಚ್ಚರವಾಗಿದ್ದು ಕಣ್ಣಾರೆ ಕಂಡಲ್ಲಿ, ಶ್ರೀ ಅಂಬಪ್ಪ ಇವರ ಅಮಾನತು ಆ ಕ್ಷಣದಿಂದಲೇ ರದ್ದಾಗುವುದು. (ಈ ಕಲಮನ್ನು ಸಮಿತಿಯ ಒಬ್ಬ ಸದಸ್ಯರು ಹಟ ಮಾಡಿ ಸೇರಿಸಿರುತ್ತಾರೆ. ಅವರನ್ನು ವರ್ಗಾಯಿಸಲಾಗಿದೆ.)

3. ವೈರು ಸುಟ್ಟ ವಾಸನೆ ಬಂದಲ್ಲಿ ಸದರಿ ವಾಸನೆಯನ್ನು ಲಕೋಟೆಯಲ್ಲಿ ಹಿಡಿದು, ಅರಗಿನ ಮೊಹರು ಹಾಕಿ, ಆವಕ ವಿಭಾಗಕ್ಕೆ ಸಲ್ಲಿಸತಕ್ಕದ್ದು. ಅರಗಿನ ವಾಸನೆಯನ್ನು ವೈರಿನ ವಾಸನೆಯೊಂದಿಗೆ ಬೆರೆಸತಕ್ಕದ್ದಲ್ಲ.

4. ಎರಡು ವೈರು ಕಟ್ಟಿದ ಬಲ್ಬನ್ನು ಅಲ್ಲಲ್ಲಿ ತಾಗಿಸಿ ಕರೆಂಟು ಇದೆ, ಇಲ್ಲ ಎಂದು ಮೆಕ್ಯಾನಿಕರು ಹೇಳುವುದನ್ನು ನಿಷೇಧಿಸಲಾಗಿದೆ. ಬಲ್ಬು ಹತ್ತುವುದು ಬಲ್ಬಿನ ಸ್ವಂತ ಅಭಿಪ್ರಾಯ. ಕರೆಂಟು ಇದೆಯೋ ಇಲ್ಲವೋ ಎಂಬುದನ್ನು ಕಚೇರಿಯು ಪತ್ರಮುಖೇನ ತಿಳಿಸುವುದು.

5. ಕಾರನ್ನು ನೂಕುವಾಗ ಸೇವಾ ಹಿರಿತನ ಪಾಲಿಸತಕ್ಕದ್ದು. ಜವಾನರು ಹಿಂದಿನಿಂದಲೂ, ಗುಮಾಸ್ತರು ಪಕ್ಕದಿಂದಲೂ ನೂಕತಕ್ಕದ್ದು. ವ್ಯವಸ್ಥಾಪಕರು ನೂಕುವಂತೆ ಕೈಯನ್ನು ಮಾತ್ರ ಇಟ್ಟಿರಬಹುದು.

6. ಭತ್ತದ ಗದ್ದೆಗಳಿಂದ ತುರ್ವಿಹಾಳದ ಕಡೆ ಮರಳುವ ಕೂಲಿಯವರು ನಿಂತ ಕಾರನ್ನು ನೋಡಿ ನಗತಕ್ಕದ್ದಲ್ಲ. ತಡೆಯಲಾಗದಿದ್ದಲ್ಲಿ ಕಾಲುವೆಯ ಕಡೆ ಮುಖ ಮಾಡಿ ನಗತಕ್ಕದ್ದು. ಕಳೆದ ವಾರ ಒಬ್ಬ ಮುದುಕಿ ಕಿಟಕಿಯವರೆಗೂ ಬಂದು, ಎಪ್ಪಾ ನೀರು ಬೇಕೇನು ಎಂದು ಅಧಿಕಾರಿಗಳನ್ನೇ ಕೇಳಿರುತ್ತಾಳೆ. ಇದನ್ನು ಈ ಕಚೇರಿ ಮರೆಯುವುದಿಲ್ಲ.

7. ಆದ ಕಾರಣ, ಹುದ್ದೆಯ ಘನತೆಯನ್ನು ಕಾಪಾಡಲು, ಕಾರು ನಿಂತಿರುವಾಗ ಪರದೆಯನ್ನು ಯಾರೂ ಸರಿಸತಕ್ಕದ್ದಲ್ಲ. ಒಳಗಿರುವ ಅಧಿಕಾರಿಗಳೂ ಸರಿಸತಕ್ಕದ್ದಲ್ಲ. ಕಾರು ಹೊರಟ ಮೇಲೆಯೇ ಸರಿಸತಕ್ಕದ್ದು. ಈ ಕಲಮು ಇಂದಿನ ಪ್ರಯಾಣದಿಂದಲೇ ಜಾರಿಗೆ ಬಂದಿದೆ.

8. ಕಲಮು 7 ಜಾರಿಗೆ ಬಂದ ಮೇಲೆ ಕಾರು ಹಿಂದಿನಂತೆ ನಿಲ್ಲುವುದು, ಹೊರಡುವುದು, ನಿಲ್ಲುವುದು ಮಾಡುತ್ತಿಲ್ಲವೆಂದು ತಿಳಿಸಲು ಈ ಕಚೇರಿಗೆ ಸಂತೋಷವಾಗುತ್ತದೆ. ಇಂದು ಮಧ್ಯಾಹ್ನ 1-50ಕ್ಕೆ ನಿಂತ ಕಾರು ಈ ಸುತ್ತೋಲೆ ಬರೆಯುವವರೆಗೂ ಸ್ಥಿರವಾಗಿ ನಿಂತೇ ಇರುತ್ತದೆ. ಬದಲಿ ಚಾಲಕ ಶ್ರೀ ಆದಪ್ಪ ಇವರು ಬಾನೆಟ್ಟನ್ನು ಮೂರು ಸಲ ತೆರೆದು ಮೂರು ಸಲ ಮುಚ್ಚಿರುತ್ತಾರೆ. ಒಳಗೆ ಸೆಕೆ ವಿಪರೀತವಿದೆ. ಆದರೂ ದೋಷವಿಲ್ಲವೆಂಬ ಸಮಿತಿಯ ತೀರ್ಮಾನದಲ್ಲಿ ಯಾವ ಬದಲಾವಣೆಯೂ ಇರುವುದಿಲ್ಲ.

ಸಹಿ/-
ಮುಖ್ಯಾಧಿಕಾರಿ (ಗೆಜೆಟೆಡ್)
ಸ್ಥಳ: ಬಳಗಾನೂರಿಗೆ ತಿರುಗುವ ದಾರಿ, ಕಾರಿನ ಹಿಂದಿನ ಸೀಟು, ಪರದೆಯೊಳಗೆ
ವೇಳೆ: ಮಧ್ಯಾಹ್ನ 2-30

ಪ್ರತಿಗಳು:

1. ಜಿಲ್ಲಾ ಕಚೇರಿ, ರಾಯಚೂರು: ಮಾಹಿತಿಗಾಗಿ. ಬಂದು ನೋಡುವ ಅಗತ್ಯವಿಲ್ಲ.

2. ತನಿಖಾ ಸಮಿತಿಯ ಉಳಿದ ಇಬ್ಬರು ಸದಸ್ಯರು: ಅಭಿನಂದನೆಗಳೊಂದಿಗೆ.

3. ಶ್ರೀ ಬುಡ್ಡೇಸಾಬ್, ಮೆಕ್ಯಾನಿಕ್, ಸಿಂಧನೂರು: ಬಲ್ಬನ್ನು ಕಚೇರಿಗೆ ಒಪ್ಪಿಸಲು.

4. ಶ್ರೀಮತಿ ದಾವಲ್‌ಬೀ, ಚಹಾ ಅಂಗಡಿ: ಯಾರಿಂದಾದರೂ ಓದಿಸಿ ತಿಳಿದುಕೊಳ್ಳಲು. ಜೊತೆಗೆ ಒಂದು ಚಹಾವನ್ನು ಚಾಲಕನ ಬಾಗಿಲಿನಿಂದ ಕಳುಹಿಸಲು.

5. ಶ್ರೀ ಅಂಬಪ್ಪ, ಅಮಾನತಿನಲ್ಲಿರುವ ಚಾಲಕ, ಮಸ್ಕಿ (ಶ್ರೀ ಆದಪ್ಪ ಇವರ ಮೂಲಕ, ಎರವಲು ಸೈಕಲ್ಲಿನ ಮೇಲೆ): ಕೂಡಲೇ ಬಂದು ಕಾರನ್ನು ಹೊರಡಿಸಿಕೊಡತಕ್ಕದ್ದು. ಹೊರಡಿಸುವಷ್ಟು ಹೊತ್ತು ಅಮಾನತನ್ನು ಸಡಿಲಿಸಲಾಗಿದ್ದು, ಹೊರಟ ಕೂಡಲೇ ಅದು ಮತ್ತೆ ಜಾರಿಗೆ ಬರುವುದು.

6. ಕಡತಕ್ಕೆ.

ಪ್ರತಿ 5 ಮಧ್ಯಾಹ್ನ 3-40ಕ್ಕೆ ಹಿಂದಿರುಗಿದ್ದು, ಅದರ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಷರಾ ಈ ರೀತಿ ಇರುತ್ತದೆ:

"ಸಾಹೇಬ್ರಿಗೆ ನಮಸ್ಕಾರ. ಗಾಡಿಗೆ ದೋಷ ಇಲ್ಲಂತ ನೀವ ಸಹಿ ಮಾಡೀರಿ. ಇಲ್ಲದ್ದನ್ನ ನಾ ಹೆಂಗ ರಿಪೇರಿ ಮಾಡ್ಲಿ? ಸಿಂಧನೂರ ಬಸ್ಸು ನಾಕು ಗಂಟೆಕ್ಕ ಐತಿ, ಕೈ ಮಾಡಿದ್ರ ನಿಂದರಸ್ತಾರ. ಆದ್ರ ಕೈ ಮಾಡಾಕ ಪರದಾ ತೆಗೀಬೇಕಾಗತೈತ್ರೀ. ತೆಗಿಯೂ ಮುಂಚೆ ಎರಡನೇ ಕಲಮು ಒಮ್ಮೆ ಓದ್ಕೋರಿ. ಅಂಬಪ್ಪ."