ಸಂಕೇತ ಮಾಸ್ತರರ ಫಜ್ ಡಬ್ಬಿ

ಬಾಗಲಕೋಟೆಯ ನವನಗರದಲ್ಲಿ ಗಣಿತ ಕಲಿಸುವ ಸಂಕೇತ ಮಾಸ್ತರರು ಒಂದು ಮದುವೆ ಆರ್ಕೆಸ್ಟ್ರಾದಲ್ಲಿ ಆರು ವರ್ಷದಿಂದ ತಗ್ಗಿನ ಸ್ವರದ ಬೇಸ್ ಗಿಟಾರ್ ನುಡಿಸುತ್ತಿದ್ದರು. ಈ ಸಂಗತಿ ಅವರನ್ನು ಬಿಟ್ಟರೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ವೇದಿಕೆಯ ಮೇಲೆ ಅವರು ಕಾಣುತ್ತಿದ್ದರು, ಕೇಳಿಸುತ್ತಿರಲಿಲ್ಲ. ಹೋದ ವಾರ ಆರ್ಕೆಸ್ಟ್ರಾದ ಯಜಮಾನ ಮಹಾಂತೇಶ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟ.

“ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಬಾರಿಸಿದ್ರೂ ಅಷ್ಟ, ಬಿಟ್ರೂ ಅಷ್ಟ. ಕೀಬೋರ್ಡಿನವನ ಎಡಗೈ ಸುಮ್ನ ಕುಂತಿರ್ತೈತಿ, ನಿಮ್ಮ ಕೆಲಸ ಅದಕ್ಕ ಕೊಡ್ತೇನಿ. ಕೆರೂರಿನ ಮದವ್ಯಾಗ ನಿಮ್ಮ ಸಪ್ಪಳ ಕೇಳಿದ್ರ ಮಾತ್ರ ಮುಂದಿನ ಮಾತು.”

ಕೆರೂರಿನ ಮದುವೆ ನಾಳೆಯೇ ಇತ್ತು. ಮಾಸ್ತರರು ವಾರವಿಡೀ ಮೊಬೈಲ್ ತಿಕ್ಕಿ ಮದ್ದು ಕಂಡುಹಿಡಿದಿದ್ದರು: ಫಜ್ ಪೆಡಲ್. ಅದು ಕಾಲಿನಿಂದ ಒತ್ತುವ, ಅಂಗೈಯಗಲದ ಕಬ್ಬಿಣದ ಡಬ್ಬಿ. ಗಿಟಾರಿನಿಂದ ಬರುವ ಒಳ್ಳೆಯ ನಾದವನ್ನು ಹಿಡಿದು, ಕೆಡಿಸಿ, ಗರಗರ ಅನ್ನಿಸಿ ಹೊರಗೆ ಬಿಡುವುದೇ ಅದರ ಉದ್ಯೋಗ. ಒಳ್ಳೆಯದನ್ನು ಪುಕ್ಕಟೆ ಕೆಡಿಸುವ ಜನ ಊರ ತುಂಬ ಇರುವಾಗ ಅದಕ್ಕೊಂದು ಯಂತ್ರ ಯಾಕೆ ಎಂದು ನೀವು ಕೇಳಬಹುದು. ಮಾಸ್ತರರು ಕೇಳಿಕೊಳ್ಳಲಿಲ್ಲ. ಕೆಂಪು, ಹಸಿರು, ಕಪ್ಪು ಎಂದು ಮೂರು ತರಿಸಿದರು. ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ಇವತ್ತು ನಾಲ್ಕು ಗಂಟೆಗೆ ಬರುವ ಕೊರಿಯರ್‌ನವನ ಕೈಗೆ ವಾಪಸು ಕೊಡಬೇಕಿತ್ತು.

ತಾಯಿಯ ಮೊಣಕಾಲುನೋವಿನ ಕಾರಣ ಕೊಟ್ಟು ಶಾಲೆಗೆ ರಜೆ ಹಾಕಿದರು. ಅದೇ ಮೊಣಕಾಲಿನ ಮೇಲೆ ತಾಯಿ ಜಾನಕಿಬಾಯಿ ಬೆಳಗ್ಗೆ ಮಾಳಿಗೆ ಹತ್ತಿ ಹಪ್ಪಳ ಹರವಿ ಬಂದಿದ್ದರು. ಸೌಂಡ್ ಸಿಸ್ಟಮ್ ಬಾಡಿಗೆ ಕೊಡುವ ಅಫ್ಸರನ ಹತ್ತಿರ ಒಂದು ಹಳೆಯ ಸ್ಪೀಕರ್ ಬಾಕ್ಸ್ ಕೇಳಿ ತಂದು, ಪಡಸಾಲೆಯಲ್ಲಿಟ್ಟು, ಮಾಸ್ತರರು ಕೆಂಪು ಡಬ್ಬಿಯನ್ನು ಒತ್ತಿದರು.

ಪಕ್ಕದ ಮನೆಯ ಸಾವಿತ್ರೆವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ಬಾಯಾರ, ನಮ್ಮ ನೀರಿನ ಮೋಟರ್ ಸುಟ್ಟಿತಂತ ಕಾಣ್ತೈತ್ರಿ! ನಿಮ್ಮ ಮನೀತನಕ ಸಪ್ಪಳ ಬರಾಕತ್ತೈತಿ!”

ಮೋಟರ್ ಸುಟ್ಟಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅವಳು ನಂಬಲಿಲ್ಲ. ಮಾಸ್ತರರೇ ಅವಳ ಮನೆಗೆ ಹೋಗಿ ಮೋಟರ್ ಹಚ್ಚಿ ತೋರಿಸಬೇಕಾಯಿತು. ನೀರಿನ ಟಾಕಿ ತುಂಬುವವರೆಗೂ ಅವಳು ಅವರನ್ನು ಬಿಡಲಿಲ್ಲ.

ಹಸಿರು ಡಬ್ಬಿಯ ಸಪ್ಪಳಕ್ಕೆ ಎದುರು ಮನೆಯ ಮಲಕಪ್ಪ ಬಂದ. ಶಿರೂರಿನವನಾದ ಮಲಕಪ್ಪ ಬೀರಪ್ಪ ದೇವರ ಮುಂದೆ ನಲವತ್ತು ವರ್ಷ ಡೊಳ್ಳು ಬಾರಿಸಿದವನು. ಲೋಕದಲ್ಲಿ ದುಂಡಗಿರುವ ಯಾವ ವಸ್ತು ಸಪ್ಪಳ ಮಾಡಿದರೂ ಅದರ ಬಗ್ಗೆ ಕೊನೆಯ ಮಾತು ತನ್ನದೇ ಎಂದು ತಿಳಿದವನು. ಬಾಕ್ಸಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ತೀರ್ಪು ಕೊಟ್ಟ.

“ಮಾಸ್ತರ, ಚರ್ಮ ಸಡ್ಲ ಆಗೈತ್ರಿ. ಅದಕ್ಕ ಗರಗರ ಅಂತೈತಿ.”

“ಮಲಕಪ್ಪಾರ, ಆ ಗರಗರ ನಾನ ಬೇಕಂತ ಮಾಡಸ್ಲಿಕತ್ತೇನ್ರಿ. ರೊಕ್ಕ ಕೊಟ್ಟು ತರಿಸೇನಿ.”

ಮಲಕಪ್ಪನ ಮುಖದಲ್ಲಿ ಕರುಣೆ ಉಕ್ಕಿತು. “ಸಡ್ಲ ಚರ್ಮಕ್ಕ ಯಾರ್ ರೊಕ್ಕ ಕೊಡ್ತಾರ್ರಿ? ನಿಮಗ ಮೋಸ ಮಾಡ್ಯಾರ. ಒಂದೀಟು ಬಿಸಲಿಗೆ ಇಟ್ರ ಬಿಗಿ ಆಕ್ಕೈತಿ.”

“ಬಾಕ್ಸಿನ ಒಳಗಿರೂದು ಕಾಗದಾರಿ!”

“ಕಾಗದ ಇರಲಿ, ಚರ್ಮ ಇರಲಿ, ಬಿಸಲಿಗೆ ಏನ್ ಗೊತ್ತಾಗ್ತೈತಿ?”

ಅಷ್ಟರಲ್ಲಿ ಜಾನಕಿಬಾಯಿ ಒಳಗಿನಿಂದ ಕೂಗಿದರು. “ಸಂಕೇತಾ, ಆ ದೆವ್ವಾನ ಬಂದ್ ಮಾಡಿ ಊಟಕ್ಕ ಬಾ. ಅನ್ನ ಆರ್ಲಿಕತ್ತದ.”

ಉಂಡು ಬಂದು ನೋಡಿದರೆ ಪಡಸಾಲೆಯಲ್ಲಿ ಬಾಕ್ಸ್ ಇರಲಿಲ್ಲ. ಅದು ಅಂಗಳದ ಸುಡುಬಿಸಿಲಿನಲ್ಲಿ ನಿಂತಿತ್ತು. ಅದರ ಮುಂಬದಿಯ ಜಾಲರಿ ತುಸು ಓರೆಯಾಗಿತ್ತು. “ಬೆರಳಿಲೆ ಸುತ್ತಲೂ ಒತ್ತಿ ನೋಡೇನ್ರಿ. ಇನ್ನ ನೀವು ಬಾರಿಸ್ರಿ,” ಎಂದ ಮಲಕಪ್ಪ, ಜಾನಕಿಬಾಯಿ ತಂದ ಚಹಾವನ್ನು ಜನ್ಮದಲ್ಲೇ ಮೊದಲ ಬಾರಿಗೆ ಬೇಡವೆಂದು ಹೇಳಿ ಸರಸರ ಮನೆಗೆ ನಡೆದ.

ಮಾಸ್ತರರು ಬಾಕ್ಸನ್ನು ಒಳಗೆ ತಂದು, ಬೈದುಕೊಳ್ಳುತ್ತಲೇ ಕಪ್ಪು ಡಬ್ಬಿಯನ್ನು ಒತ್ತಿ ಒಂದು ತಂತಿ ಮೀಟಿದರು. ಬಾದಾಮಿಯ ಬಂಡೆಗಳೇ ಸೀಳಿದ ಹಾಗೆ ಗುಡುಗಿತು. ಗೂಡಿನಲ್ಲಿದ್ದ ಪಾತ್ರೆಗಳು ನಡುಗಿದವು. ಮಾಸ್ತರರ ಕಣ್ಣಲ್ಲಿ ನೀರು ಬಂತು. ಆರು ವರ್ಷದಲ್ಲಿ ಮೊದಲ ಸಲ ಅವರಿಗೆ ಅವರೇ ಕೇಳಿಸಿದ್ದರು. ಕೂಡಲೇ ಮಹಾಂತೇಶನಿಗೆ ಫೋನ್ ಹಚ್ಚಿ ಬಾಕ್ಸಿನ ಮುಂದೆ ಹಿಡಿದರು.

“ಸರ್, ಇದು ನೀವ ಏನ್ರಿ? ಇಷ್ಟ ದಿನಾ ಎಲ್ಲಿ ಅಡಗಿಸಿ ಇಟ್ಟಿದ್ರಿ? ಇದ ಬೇಕ್ರಿ ನಮಗ! ಸಂಜೀಕ ಖುದ್ದ ಬಂದು ಕೇಳ್ತೇನಿ.”

ನಾಲ್ಕು ಗಂಟೆಗೆ ಕೆಂಪು, ಹಸಿರು ಎರಡೂ ಕೊರಿಯರ್‌ನವನ ಚೀಲ ಸೇರಿದವು. ಮಾಸ್ತರರು ಅವುಗಳ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಮಹಾಂತೇಶ ಅಫ್ಸರನ ಮೂರು ಗಾಲಿಯ ಟಂಟಂನಲ್ಲಿ ಬಂದಿಳಿದ. ನಾಳೆ ಕೆರೂರಿಗೆ ಹೋಗಬೇಕಾದ ಹೊಸ ಬಾಕ್ಸ್ ಅದರಲ್ಲೇ ಇತ್ತು. ಅಫ್ಸರ ಅದಕ್ಕೇ ಗಿಟಾರ್ ಜೋಡಿಸಿದ. ಮಾಸ್ತರರು ಎದೆಯುಬ್ಬಿಸಿ ಕಪ್ಪು ಡಬ್ಬಿಯ ಮೇಲೆ ಕಾಲಿಟ್ಟರು. ಕಡ್ಡಿಪೆಟ್ಟಿಗೆಯಲ್ಲಿ ಸಿಕ್ಕ ನೊಣದಂತಹ ಒಂದು ಸಪ್ಪಳ ಬಂತು. ಮತ್ತೆ ಜೋರಾಗಿ ತುಳಿದರು. ನೊಣ ಅಲ್ಲೇ ಇತ್ತು.

ಅಫ್ಸರ ಹುಬ್ಬು ಗಂಟಿಕ್ಕಿ ಡಬ್ಬಿಯ ವಾಯರ್ ಕಿತ್ತು ಅದನ್ನು ಬದಿಗಿಟ್ಟು, ಗಿಟಾರನ್ನು ನೇರವಾಗಿ ತನ್ನ ಹಳೆಯ ಬಾಕ್ಸಿಗೆ ಹಚ್ಚಿದ. “ಒಂದ್ ತಂತಿ ಮೀಟ್ರಿ ಸರ್.”

ಬಂಡೆಗಳು ಮತ್ತೆ ಸೀಳಿದವು. ಅಫ್ಸರ ಜಾಲರಿ ಕಿತ್ತು ನೋಡಿದ. ಒಳಗಿನ ದುಂಡನೆಯ ಕಾಗದದಲ್ಲಿ ಹೆಬ್ಬೆರಳಿನ ಅಗಲದ ತೂತು ಬಿದ್ದು ಉದ್ದಕ್ಕೂ ಹರಿದಿತ್ತು. “ಗುಡುಗಿದ್ದು ಡಬ್ಬಿ ಅಲ್ರಿ ಸರ್, ಈ ಹರಕ ಕಾಗದ.”

ಮೂವರೂ ಎದುರು ಮನೆಯ ಕಡೆ ನೋಡಿದರು. ಮಲಕಪ್ಪನ ಮನೆಯ ಬಾಗಿಲು ದೀಪ ಹಚ್ಚುವ ಮೊದಲೇ ಭದ್ರವಾಗಿ ಮುಚ್ಚಿತ್ತು.

“ಹರಕ ಇದ್ರೇನಾತು?” ಮಾಸ್ತರರು ಅಂಗಲಾಚಿದರು. “ನಾಳೆ ಇದ ಬಾಕ್ಸ್ ಒಯ್ಯೋಣು. ನನ್ನ ಸಪ್ಪಳ ಕೇಳಸ್ತದಲ್ಲ, ಅಷ್ಟ ಸಾಕಲ್ರಿ!”

ಮಹಾಂತೇಶ ಬಗ್ಗಿ ಆ ತೂತನ್ನು ನೋಡಿದ. ಆಮೇಲೆ ಅಫ್ಸರನ ಕಡೆ ತಿರುಗಿದ. “ಇದಕ್ಕ ಕೀಬೋರ್ಡ್ ಹಚ್ಚಿದ್ರೂ ಹಿಂಗ ಗುಡುಗ್ತೈತೇನಲೇ?”

“ಏನ್ ಹಚ್ಚಿದ್ರೂ ಗುಡುಗ್ತೈತಿ. ಹರದದ್ದಕ್ಕ ಅದೇನ್ ಗೊತ್ತು?”

ಮಹಾಂತೇಶನ ಮುಖ ಅರಳಿತು. ಮಾಸ್ತರರ ಎರಡೂ ಕೈ ಹಿಡಿದುಕೊಂಡ. “ಭಾಳ ದೊಡ್ಡ ಉಪಕಾರ ಆತ್ರಿ ಸರ್. ಕೀಬೋರ್ಡಿನವನ ಎಡಗೈ ಇದರಾಗ ಬಿಟ್ಟಬಿಡ್ತೇನಿ. ನೀವು ನಾಳೆ ಮನ್ಯಾಗ ಆರಾಮ ಇರ್ರಿ.”

ಬಾಕ್ಸ್ ಭಾರವಿತ್ತು, ಅಫ್ಸರನಿಗೆ ಸೊಂಟ ಹಿಡಿದಿತ್ತು. ಟಂಟಂಗೆ ಏರಿಸಲು ಒಂದು ಬದಿಯನ್ನು ಸಂಕೇತ ಮಾಸ್ತರರೇ ಹಿಡಿಯಬೇಕಾಯಿತು.

“ಮೆಲ್ಲಕ್ರಿ ಸರ್,” ಎಂದ ಮಹಾಂತೇಶ, “ಹರಕ ಕಾಗದಕ್ಕ ಕೈ ಹತ್ತೀತು.”